ಶುಶ್ರೂಷಾ ಪದವಿಯೊಡನೆ ಇನ್ನೊಂದು ವಿಜ್ಞಾನ: ಸಾಧ್ಯವೆ? ಬೇಕೆ?

ಸದಸ್ಯ ಬಾಂಧವರ ಮಕ್ಕಳ ವಿದ್ಯಾಭ್ಯಾಸದ ವಿಚಾರ ಈ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇದೆ. ಕಾಫಿ, ಅಡಿಕೆಯ ಧಾರಣೆ ಏರಿದ ವರ್ಷ ಮಕ್ಕಳನ್ನು ಎಲ್ಲಿಗೆ ಕಳುಹಿಸೋಣವೆಂಬ ಪತ್ರಗಳು ಹೆಚ್ಚು ಬರುತ್ತವೆ. ಧಾರಣೆ ಇಳಿದ ವರ್ಷ ಬೇಗ ಕೆಲಸ ಸಿಗುವ ಓದು ಯಾವುದೆಂಬ ಪತ್ರಗಳು ಬರುತ್ತವೆ. ಈ ಎರಡೂ ಬಗೆಯ ಪತ್ರಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆ ಸಮಾನವಾಗಿ ಕಾಣುತ್ತಿದೆ. ಮಗಳಿಗೋ ಮಗನಿಗೋ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಗುವ ಹಾಗಿದೆ, ಆದರೆ ಮನಸ್ಸು ಮೈಕ್ರೋಬಯಾಲಜಿಯ ಮೇಲೋ ಮನಶ್ಶಾಸ್ತ್ರದ ಮೇಲೋ ಇದೆ; ಎರಡನ್ನೂ ಒಟ್ಟಿಗೆ ಓದಿಸಬಹುದೆ? ಅಮೆರಿಕದಲ್ಲಿರುವ ನೆಂಟರು ಅಲ್ಲಿ ಹಾಗೆ ಓದುತ್ತಾರೆಂದು ಹೇಳಿದ್ದಾರಂತೆ.

ನೆಂಟರು ಹೇಳಿದ್ದು ಸುಳ್ಳಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪದವಿಯನ್ನು ಕ್ರೆಡಿಟ್ ಎಂಬ ಅಳತೆಯಲ್ಲಿ ಎಣಿಸುತ್ತಾರೆ. ಸುಮಾರು ೧೨೦ ಕ್ರೆಡಿಟ್ ಮುಗಿಸಿದವರಿಗೆ ಪದವಿ. ನರ್ಸಿಂಗ್ ಓದುವ ವಿದ್ಯಾರ್ಥಿ ಹೆಚ್ಚಿನ ಕ್ರೆಡಿಟ್ ತೆಗೆದುಕೊಂಡು ಜೀವಶಾಸ್ತ್ರವನ್ನೋ ಮನಶ್ಶಾಸ್ತ್ರವನ್ನೋ ಎರಡನೆಯ ಮುಖ್ಯ ವಿಷಯವಾಗಿ ಸೇರಿಸಿಕೊಳ್ಳಬಹುದು. ಆಸ್ಪತ್ರೆಯ ಪಾಳಿಗೂ ಪ್ರಯೋಗಶಾಲೆಯ ವೇಳೆಗೂ ಡಿಕ್ಕಿಯಾಗುವುದರಿಂದ ಅಲ್ಲಿಯೂ ಇದು ಸುಲಭವಲ್ಲ. ಅನೇಕರಿಗೆ ಒಂದು ವರ್ಷ ಹೆಚ್ಚೇ ಹಿಡಿಯುತ್ತದೆ. ಆದರೂ ಆ ಬಾಗಿಲು ಅಲ್ಲಿ ತೆರೆದಿದೆ.

ನಮ್ಮಲ್ಲಿ ಪದವಿಯ ಕಟ್ಟಡವೇ ಬೇರೆ. ಬಿ.ಎಸ್ಸಿ. ಎಂದರೆ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಎಂದು ಮೂರು ವಿಷಯಗಳನ್ನು ಸಮನಾಗಿ ಓದುವ ಪದ್ಧತಿ ಬಹುಕಾಲದಿಂದ ಬಂದದ್ದು. ೨೦೨೧ರಲ್ಲಿ ಹೊಸ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಪದವಿ ಕರ್ನಾಟಕಕ್ಕೆ ಬಂದಿತು. ೨೦೨೪ರಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು ಹಳೆಯ ಮೂರು ವರ್ಷದ ಪದ್ಧತಿಗೆ ಮರಳಿತು. ಈ ಏರಿಳಿತದಲ್ಲಿ ಎರಡು ಮೇಜರ್ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿದೆ. ಆದರೆ ಬಿ.ಎಸ್ಸಿ. ನರ್ಸಿಂಗ್ ಈ ಲೆಕ್ಕದೊಳಗೆ ಎಂದೂ ಬಂದದ್ದೇ ಅಲ್ಲ. ಹೆಸರಿನಲ್ಲಿ ಬಿ.ಎಸ್ಸಿ. ಎಂದಿದ್ದರೂ ಅದು ವೃತ್ತಿ ಪದವಿ. ಅದರಲ್ಲಿ ಮೇಜರ್, ಮೈನರ್ ಎಂಬ ಆಯ್ಕೆ ಇಲ್ಲ. ಪಠ್ಯವನ್ನು ದೆಹಲಿಯ ಭಾರತೀಯ ಶುಶ್ರೂಷಾ ಪರಿಷತ್ತು ಇಡೀ ದೇಶಕ್ಕೆ ಒಂದೇ ರೀತಿಯಲ್ಲಿ ಗೊತ್ತುಮಾಡಿದೆ. ಆ ಪರಿಷತ್ತು ಹುಟ್ಟಿದ್ದು ೧೯೪೭ರ ಕಾಯಿದೆಯಿಂದ. ಅದರ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವನ್ನು ತರುವ ಕಾಯಿದೆ ೨೦೨೩ರಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿದೆ.

ಕಮಲಾಪುರದಲ್ಲಿ ಕೇಳಿದ ಮಾತು

ಈ ವಿಷಯವನ್ನು ಬರಿಯ ನಿಯಮದ ಪುಸ್ತಕ ನೋಡಿ ಬರೆಯುವ ಬದಲು ಊರೂರು ನೋಡಿ ಬರೆಯುವ ಅವಕಾಶ ಅನಾಯಾಸವಾಗಿ ಒದಗಿತು. ಅಡಿಕೆ ತೋಟದ ನಡುವೆ ಬಾಳೆ ಹಾಕುವ ಸದಸ್ಯರು ಕಮಲಾಪುರದ ಕೆಂಪು ಬಾಳೆಯ ಬಗ್ಗೆ ಕೇಳುತ್ತಿದ್ದರು. ಅದನ್ನು ಕಣ್ಣಾರೆ ನೋಡಲು ಕಲಬುರಗಿಗೆ ಹೋಗಿದ್ದೆ. ಭೌಗೋಳಿಕ ಗುರುತು ಪಡೆದ ಈ ತಳಿ ನಮ್ಮ ಪುಟ್ಟಬಾಳೆಗಿಂತ ಹೆಚ್ಚು ತಿಂಗಳು ನೆಲದಲ್ಲಿ ನಿಲ್ಲುತ್ತದೆ, ಗಿಡ ಎತ್ತರ, ಗಾಳಿಗೆ ಊರೆ ಕೊಡಬೇಕು. ಅದರ ವಿವರ ಬೇರೆ ಸಂಚಿಕೆಗೆ ಇರಲಿ.

ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಮೂವತ್ತೈದು ಕಿಲೋಮೀಟರಿನಷ್ಟು ದೂರ. ಈಗ ತಾಲ್ಲೂಕು ಕೇಂದ್ರವಾಗಿದೆ. ೨೦೧೭ರಲ್ಲಿ ಬೀದರ್ ರೈಲು ಮಾರ್ಗವೂ ತೆರೆದಿದೆ. ಸುತ್ತ ತೊಗರಿಯ ಬಯಲು, ತಗ್ಗಿನಲ್ಲಿ ಬಾಳೆ. ಬಾಳೆ ತೋರಿಸಿದ ಬೆಳೆಗಾರರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮಾತು ಮಗಳ ಓದಿನ ಕಡೆ ತಿರುಗಿತು. ಹುಡುಗಿ ಪಿ.ಯು. ಎರಡನೆಯ ವರ್ಷ, ವಿಜ್ಞಾನ. ನರ್ಸಿಂಗ್ ಮಾಡಬೇಕು, ಜೊತೆಗೆ ಮೈಕ್ರೋಬಯಾಲಜಿಯೂ ಬೇಕು ಎಂಬ ಹಂಬಲ.

“ನಾಲ್ಕು ವರ್ಷದಾಗ ಎರಡು ಡಿಗ್ರಿ ಕೈಗೆ ಕೊಡಸ್ತೀನಂತ ಒಬ್ಬವ ಹೇಳ್ಯಾನ್ರಿ ಸರ. ಮುಂಗಡ ರೊಕ್ಕ ಕೊಡ್ರಿ ಅಂತಾನ. ಗಂಜಿನಾಗ ಅಡತ್ಯಾನ ಕಡಿಂದ ತರಬೇಕಂತ ಮಾಡೀನಿ,” ಎಂದರು ತಂದೆ.

“ಅಪ್ಪಾ, ಎರಡನೇ ಕಾಲೇಜಿನ ಹೆಸರು ಕೇಳಿದ್ರ ಅವರು ಹೇಳವಲ್ರು,” ಎಂದಳು ಹುಡುಗಿ ಬಾಗಿಲ ಮರೆಯಿಂದ.

“ಸುಮ್ನಿರವ್ವ, ದೊಡ್ಡವರು ಮಾತಾಡ್ಲಕತ್ತೀವಿ.”

ನನಗನ್ನಿಸಿದ್ದು, ಆ ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಆ ಹುಡುಗಿಯೇ. ಬರಲಿರುವ ಬೆಳೆಯ ಮೇಲೆ ಮುಂಗಡ ಸಾಲ ಎತ್ತುವುದೆಂದರೇನು ಎಂಬುದನ್ನು ಕಾಫಿ ಮಂಡಿ, ಅಡಿಕೆ ಮಂಡಿಯ ವ್ಯವಹಾರ ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಎರಡು ದಿನ ಕಲಬುರಗಿ ಪೇಟೆಯಲ್ಲಿದ್ದು ತಿಳಿದವರನ್ನು ಕೇಳಿ, ನಿಯಮಗಳನ್ನು ಓದಿ, ಅವರಿಗೆ ಹೇಳಿ ಕಳುಹಿಸಿದ ವಿಷಯಗಳನ್ನೇ ಇಲ್ಲಿ ಸದಸ್ಯರ ಮುಂದೆ ಇಡುತ್ತಿದ್ದೇನೆ. ಅವರು ಮುಂಗಡ ಕೊಡಲಿಲ್ಲವೆಂದು ಆಮೇಲೆ ದೂರವಾಣಿಯಲ್ಲಿ ತಿಳಿಯಿತು.

ವೇಳೆಯ ಲೆಕ್ಕ

ಮೊದಲು ಗಡಿಯಾರದ ಲೆಕ್ಕ ನೋಡೋಣ. ೨೦೨೧ರ ಹೊಸ ಪಠ್ಯದ ಪ್ರಕಾರ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಸೆಮಿಸ್ಟರಿಗೆ ೨೦ ವಾರ, ವಾರಕ್ಕೆ ೪೦ ಗಂಟೆ. ಅಂದರೆ ಅರ್ಧ ವರ್ಷಕ್ಕೆ ೮೦೦ ಗಂಟೆ. ಕೊನೆಯ ಸೆಮಿಸ್ಟರ್ ಪೂರ್ತಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್: ೨೨ ವಾರ, ವಾರಕ್ಕೆ ೪೮ ಗಂಟೆ, ಒಟ್ಟು ೧೦೫೬ ಗಂಟೆ. ಪಾಠದ ಹಾಜರಿ ಶೇಕಡಾ ೮೦ ಇದ್ದರೆ ಪರೀಕ್ಷೆಗೆ ಕೂರಬಹುದು. ಆದರೆ ಆಸ್ಪತ್ರೆಯ ಕೆಲಸದ ಹಾಜರಿ ಪದವಿ ಕೈಗೆ ಬರುವ ಮೊದಲು ಶೇಕಡಾ ೧೦೦ ಆಗಲೇಬೇಕು. ಜ್ವರ ಬಂದು ನಾಲ್ಕು ದಿನ ತಪ್ಪಿಸಿಕೊಂಡರೂ ಆ ನಾಲ್ಕು ದಿನವನ್ನು ಆಮೇಲೆ ತುಂಬಿಕೊಡಬೇಕು. ಇದು ಕಠಿಣವೆಂದು ಕೆಲವು ಪೋಷಕರು ಗೊಣಗುತ್ತಾರೆ. ಹೆರಿಗೆಯ ಕೋಣೆಯಲ್ಲಿ ನಿಂತು ಕೈಯಾರೆ ಕಲಿಯಬೇಕಾದ ಕೆಲಸದಲ್ಲಿ ರಿಯಾಯಿತಿ ಯಾಕೆ ಬೇಕು ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ಇನ್ನೊಂದು ಬಿ.ಎಸ್ಸಿ. ಕಾಲೇಜಿಗೆ ಹೋಗುವುದೆಂದರೆ ಏನಾಗುತ್ತದೆ? ಕಲಬುರಗಿಯಲ್ಲಿ ಖಾಸಗಿ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ನರ್ಸಿಂಗ್ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಆ ವಿಶ್ವವಿದ್ಯಾಲಯ ೧೯೯೬ರಲ್ಲಿ ಸ್ಥಾಪನೆಯಾದದ್ದು. ಸಾಮಾನ್ಯ ವಿಜ್ಞಾನ ಕಾಲೇಜುಗಳಾದರೋ ಬಹುಮಟ್ಟಿಗೆ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಎರಡರ ವೇಳಾಪಟ್ಟಿ ಬೇರೆ, ಪರೀಕ್ಷೆಯ ದಿನಗಳು ಬೇರೆ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ರಸಾಯನಶಾಸ್ತ್ರದ ಪ್ರಯೋಗಶಾಲೆ ಎಂದು ಕಾಗದದ ಮೇಲೆ ಬರೆಯಬಹುದು. ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ಊಟದ ವೇಳೆಯೂ ಉಳಿಯುವುದಿಲ್ಲ, ಹಾಸ್ಟೆಲಿನಲ್ಲಿದ್ದರೆ ನಿದ್ದೆಯ ವೇಳೆ ಉಳಿಯುವುದಿಲ್ಲ. ರಾತ್ರಿ ಪಾಳಿ ಬಂದ ವಾರ ಕಾಗದದ ಮೇಲಿನ ಲೆಕ್ಕವೂ ಕೂಡುವುದಿಲ್ಲ.

ಕಾನೂನು ಏನನ್ನುತ್ತದೆ

ಎರಡು ಪದವಿ ಒಟ್ಟಿಗೆ ಓದುವುದಕ್ಕೆ ನಮ್ಮ ದೇಶದಲ್ಲಿ ಮೊದಲು ಒಪ್ಪಿಗೆ ಇರಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯು.ಜಿ.ಸಿ., ೨೦೨೨ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಂತೆ ತರಗತಿಯ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಪದವಿಗಳನ್ನು ನೇರವಾಗಿ ಓದಬಹುದು. ಅಥವಾ ಒಂದನ್ನು ಕಾಲೇಜಿನಲ್ಲಿಯೂ ಇನ್ನೊಂದನ್ನು ದೂರ ಶಿಕ್ಷಣದಲ್ಲಿಯೂ ಓದಬಹುದು. ಆದರೆ ಇದನ್ನು ಹೇಗೆ ಜಾರಿಗೆ ತರಬೇಕೆಂಬುದನ್ನು ಆಯಾ ವಿಶ್ವವಿದ್ಯಾಲಯಗಳಿಗೆ ಬಿಟ್ಟಿದ್ದಾರೆ. ವೃತ್ತಿಪರ ಪರಿಷತ್ತುಗಳ ನಿಯಮವನ್ನು ಮೀರುವ ಹಾಗೂ ಇಲ್ಲ. ಆಯೋಗ ಒಪ್ಪಿದೆ ಎಂಬ ಪತ್ರಿಕೆಯ ತುಣುಕನ್ನು ತೋರಿಸಿ ಯಾರಾದರೂ ಹಣ ಕೇಳಿದರೆ, ನರ್ಸಿಂಗ್ ಕಾಲೇಜಿನ ಪ್ರಾಂಶುಪಾಲರಿಂದಲೂ ವಿಶ್ವವಿದ್ಯಾಲಯದಿಂದಲೂ ಬರಹದಲ್ಲಿ ಒಪ್ಪಿಗೆ ತರಿಸಿ ಎಂದು ಹೇಳಿ. ಅಲ್ಲಿಗೆ ಆ ಮಾತು ಸಾಮಾನ್ಯವಾಗಿ ಮುಗಿಯುತ್ತದೆ.

ದೂರ ಶಿಕ್ಷಣದ ವಿಷಯದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ದೂರ ಶಿಕ್ಷಣದ ೨೦೨೦ರ ನಿಯಮಾವಳಿ ನರ್ಸಿಂಗನ್ನು ಅಂಚೆಯ ಮೂಲಕ ಕಲಿಸಬಾರದ ವಿಷಯಗಳ ಪಟ್ಟಿಯಲ್ಲಿ ಇಟ್ಟಿದೆ. ವೈದ್ಯಕೀಯ, ಫಾರ್ಮಸಿ, ಇಂಜಿನಿಯರಿಂಗ್ ಸಹ ಅದೇ ಪಟ್ಟಿಯಲ್ಲಿವೆ. ಮನೆಯಲ್ಲಿ ಕುಳಿತು ಬಿ.ಎಸ್ಸಿ. ನರ್ಸಿಂಗ್ ಮಾಡಿಸುತ್ತೇವೆ ಎಂಬ ಜಾಹೀರಾತನ್ನು ನಂಬಲೇಬಾರದು. ಇನ್ನೊಂದು ಹೊಸದು, ಬಹುಜನಕ್ಕೆ ಇನ್ನೂ ತಿಳಿಯದ್ದು. ೨೦೨೫ರ ಜುಲೈ-ಆಗಸ್ಟ್ ತಂಡದಿಂದ ಆರೋಗ್ಯಕ್ಕೆ ಸಂಬಂಧಪಟ್ಟ ವಿಷಯಗಳನ್ನು ದೂರ ಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಕೂಡದೆಂದು ಆಯೋಗ ಆದೇಶಿಸಿದೆ. ಆ ಪಟ್ಟಿಯಲ್ಲಿ ಮನಶ್ಶಾಸ್ತ್ರ, ಮೈಕ್ರೋಬಯಾಲಜಿ, ಆಹಾರ ಮತ್ತು ಪೋಷಣಶಾಸ್ತ್ರ, ಬಯೋಟೆಕ್ನಾಲಜಿ ಇವೆ. ನರ್ಸಿಂಗ್ ಓದುವ ಮಕ್ಕಳು ಎರಡನೆಯ ವಿಜ್ಞಾನವಾಗಿ ಬಯಸುವುದು ಹೆಚ್ಚಾಗಿ ಇವುಗಳನ್ನೇ. ಆದ್ದರಿಂದ ಒಂದು ಕಾಲೇಜಿನಲ್ಲಿ, ಒಂದು ಅಂಚೆಯಲ್ಲಿ ಎಂಬ ಸುಲಭದ ದಾರಿ ಈಗ ಈ ವಿಷಯಗಳಿಗೆ ಮುಚ್ಚಿದೆ. ಗಣಿತ, ಅಂಕಿಸಂಖ್ಯಾಶಾಸ್ತ್ರದಂಥವು ಆ ಪಟ್ಟಿಯಲ್ಲಿ ಇಲ್ಲ.

ಒಳಗೇ ಇರುವ ವಿಜ್ಞಾನ

ಇಷ್ಟು ಓದಿ ನಿರಾಶರಾಗುವ ಅಗತ್ಯವಿಲ್ಲ. ನರ್ಸಿಂಗ್ ಪಠ್ಯವನ್ನು ಒಮ್ಮೆ ಬಿಡಿಸಿ ನೋಡಿ. ಮೊದಲ ಸೆಮಿಸ್ಟರಿನಲ್ಲಿಯೇ ಅಂಗರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಎರಡನೆಯದರಲ್ಲಿ ಜೀವರಸಾಯನ, ಪೋಷಣಶಾಸ್ತ್ರ, ಮೂರನೆಯದರಲ್ಲಿ ಮೈಕ್ರೋಬಯಾಲಜಿ ಮತ್ತು ಸೋಂಕು ನಿಯಂತ್ರಣ, ಜೊತೆಗೆ ಔಷಧಶಾಸ್ತ್ರ, ರೋಗಶಾಸ್ತ್ರ, ನಾಲ್ಕನೆಯದರಲ್ಲಿ ಅನುವಂಶೀಯತೆ. ಏಳನೆಯದರಲ್ಲಿ ಸಂಶೋಧನೆ ಮತ್ತು ಅಂಕಿಸಂಖ್ಯಾಶಾಸ್ತ್ರ. ಮೂರು ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಯಷ್ಟು ಆಳ ಇವುಗಳಲ್ಲಿ ಇರುವುದಿಲ್ಲ, ನಿಜ. ಆದರೆ ಬಿ.ಎಸ್ಸಿ. ವಿದ್ಯಾರ್ಥಿ ಗಾಜಿನ ತಟ್ಟೆಯಲ್ಲಿ ನೋಡುವ ಜೀವಾಣುವನ್ನು ಇವರು ಹಾಸಿಗೆಯಲ್ಲಿ ಮಲಗಿದ ಮನುಷ್ಯನಲ್ಲಿ ನೋಡುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ತೀವ್ರ ಜ್ವರದ ರೋಗಿ ಬಂದಾಗ ರಕ್ತದಲ್ಲಿ ಯಾವ ಬ್ಯಾಕ್ಟೀರಿಯ ಇದೆಯೆಂದು ಬೆಳೆಸಿ ನೋಡಲು ರಕ್ತ ತೆಗೆಯುತ್ತಾರೆ. ಈ ರಕ್ತವನ್ನು ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡುವ ಮೊದಲೇ ತೆಗೆಯಬೇಕು. ಚರ್ಮವನ್ನು ಸರಿಯಾಗಿ ಒರೆಸಿ ಅದು ಒಣಗುವವರೆಗೆ ಕಾಯಬೇಕು. ದೊಡ್ಡವರಾದರೆ ಬಾಟಲಿಗೆ ೮ರಿಂದ ೧೦ ಮಿಲಿಲೀಟರ್ ರಕ್ತ ಹಾಕಬೇಕು. ಮದ್ದು ಕೊಟ್ಟ ಮೇಲೆ ತೆಗೆದರೆ ಜೀವಾಣು ಇದ್ದರೂ ಬೆಳೆಯದೆ ಹೋಗಬಹುದು. ಚರ್ಮ ಒಣಗುವ ಮೊದಲೇ ಚುಚ್ಚಿದರೆ ಚರ್ಮದ ಮೇಲಿನ ಜೀವಾಣು ಬೆಳೆದು ಇಲ್ಲದ ರೋಗ ಇದೆಯೆಂದು ವರದಿ ಬರಬಹುದು. ಪ್ರಯೋಗಶಾಲೆಯಲ್ಲಿ ಎಷ್ಟು ಬೆಲೆಬಾಳುವ ಯಂತ್ರವಿದ್ದರೂ ವಾರ್ಡಿನ ನರ್ಸ್ ಮಾಡಿದ ಕೆಲಸಕ್ಕಿಂತ ಒಳ್ಳೆಯ ಉತ್ತರವನ್ನು ಅದು ಕೊಡಲಾರದು. ಮೈಕ್ರೋಬಯಾಲಜಿ ಬಲ್ಲ ನರ್ಸ್ ಬೇಕು ಎನ್ನುವುದು ಇದಕ್ಕೆ. ದೊಡ್ಡ ಆಸ್ಪತ್ರೆಗಳಲ್ಲಿ ಸೋಂಕು ನಿಯಂತ್ರಣದ ನರ್ಸ್ ಎಂದು ಪ್ರತ್ಯೇಕ ಹುದ್ದೆಯೇ ಇದೆ.

ಕಲಬುರಗಿ ನಗರವೇ ಇದಕ್ಕೊಂದು ಸಾಕ್ಷಿಯಾಗಿತ್ತು. ಭಾರತದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು ಈ ಊರಿನ ೭೬ ವರ್ಷದ ಹಿರಿಯರೊಬ್ಬರದು. ಅವರು ತೀರಿಕೊಂಡದ್ದು ೨೦೨೦ರ ಮಾರ್ಚ್ ೧೦ರಂದು. ಪರೀಕ್ಷೆಯ ಮಾದರಿ ಬೆಂಗಳೂರಿಗೆ ಹೋಗಿ, ರೋಗ ಇದೇ ಎಂದು ಪ್ರಕಟವಾದದ್ದು ೧೨ರಂದು. ಈ ನಡುವಿನ ದಿನಗಳಲ್ಲಿ ಊರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ತಾವು ಎದುರಿಸುತ್ತಿರುವುದು ಏನೆಂದು ಖಚಿತವಾಗಿ ಗೊತ್ತಿರಲಿಲ್ಲ. ವರದಿ ಬರುವ ಮೊದಲೇ ಮುಖಕ್ಕೆ ಮುಸುಕು ಹಾಕಿಕೊಳ್ಳುವ, ರೋಗಿಯನ್ನು ಬೇರೆ ಕೋಣೆಗೆ ಸರಿಸುವ ಬುದ್ಧಿ ಎಲ್ಲಿಂದ ಬರುತ್ತದೆ? ಸೋಂಕು ಹೇಗೆ ಹರಡುತ್ತದೆಂಬ ಶಾಸ್ತ್ರ ತಲೆಯೊಳಗೆ ಇಳಿದಿದ್ದರೆ ಬರುತ್ತದೆ.

ನಮ್ಮ ಕಡೆಗೆ ಬಂದರೆ ಮಂಗನ ಕಾಯಿಲೆ ಇದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಈ ರೋಗ ಉಣುಗಿನಿಂದ ಬರುವುದು. ದರಗಿಗೆ, ಸೌದೆಗೆ ಕಾಡಿಗೆ ಹೋಗುವ ಅಡಿಕೆ ಸೀಮೆಯ ಜನರಿಗೆ ಹೆಚ್ಚು ತಗಲುವುದು. ಚಳಿಗಾಲದಿಂದ ಮಳೆ ಹಿಡಿಯುವ ತನಕ ಇದರ ಕಾಲ. ಆಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜ್ವರವೆಂದು ಬಂದವನನ್ನು “ಎಲ್ಲಿ ಕೆಲಸ ಮಾಡಿದಿರಿ, ಕಾಡಿಗೆ ಹೋಗಿದ್ದಿರಾ, ಮಂಗ ಸತ್ತದ್ದು ಕಂಡಿರಾ” ಎಂದು ಮೊದಲು ಕೇಳಬೇಕಾದವರು ನರ್ಸ್. ರಕ್ತದ ಮಾದರಿಯನ್ನು ತಣ್ಣಗಿನ ಪೆಟ್ಟಿಗೆಯಲ್ಲಿ ಇಟ್ಟು ಕಳುಹಿಸುವವರೂ ಅವರೇ.

ಕೀಟನಾಶಕದ ವಿಷಯವೂ ಹಾಗೆಯೇ. ತೊಗರಿಯ ಕಾಯಿಕೊರಕಕ್ಕೆ ಔಷಧಿ ಹೊಡೆಯುವ ಕಮಲಾಪುರದ ರೈತನಿಗೂ, ತೋಟದಲ್ಲಿ ಪಂಪು ಹೊರುವ ನಮ್ಮ ಆಳಿಗೂ ಆರ್ಗನೋಫಾಸ್ಫೇಟ್ ವಿಷ ಏರಿದರೆ ಲಕ್ಷಣ ಒಂದೇ: ಬಾಯಲ್ಲಿ ನೊರೆ, ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು. ಅಟ್ರೊಪೀನ್ ಕೊಡುತ್ತ ಎದೆಯ ನೀರು ಆರಿತೆ, ನಾಡಿ ಏರಿತೆ ಎಂದು ಗಳಿಗೆಗೊಮ್ಮೆ ನೋಡುತ್ತ ರಾತ್ರಿಯಿಡೀ ಪಕ್ಕದಲ್ಲಿ ಇರಬೇಕಾದವರು ನರ್ಸ್. ಜೀವರಸಾಯನ ಅಲ್ಲಿ ಪರೀಕ್ಷೆಯ ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ.

ಎರಡನೆಯ ವಿಜ್ಞಾನವೊಂದನ್ನು ಶುಶ್ರೂಷೆಗೆ ಜೋಡಿಸಿ ಲೋಕಕ್ಕೆ ತೋರಿಸಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪ ಹಿಡಿದ ಮಹಿಳೆ ಎಂದು ಶಾಲೆಯಲ್ಲಿ ಓದುತ್ತೇವೆ. ಕ್ರಿಮಿಯ ಯುದ್ಧದಿಂದ ಹಿಂತಿರುಗಿದ ಮೇಲೆ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸತ್ತರೆಂದು ಅಂಕಿಸಂಖ್ಯೆಗಳಿಂದ, ಬಣ್ಣದ ಚಿತ್ರಗಳಿಂದ ಆಕೆ ಸರ್ಕಾರಕ್ಕೆ ಮನಗಾಣಿಸಿದ್ದನ್ನು ಅಷ್ಟಾಗಿ ಓದುವುದಿಲ್ಲ. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಚುನಾಯಿತಳಾದ ಮೊದಲ ಮಹಿಳೆ ಆಕೆ. ೧೮೬೦ರಲ್ಲಿ ಲಂಡನ್ನಿನಲ್ಲಿ ಆಕೆಯ ಹೆಸರಿನ ಶುಶ್ರೂಷಾ ಶಾಲೆ ಆರಂಭವಾಯಿತು. ನಮ್ಮ ದೇಶದಲ್ಲಿ ಶುಶ್ರೂಷೆಗೆ ಪದವಿ ಬಂದದ್ದು ೧೯೪೬ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ.

ಕಲಬುರಗಿಯ ಅನುಕೂಲ

ನಮ್ಮ ಮಲೆನಾಡಿನವರು ಓದಿಗೆಂದರೆ ಮಂಗಳೂರು, ಮೈಸೂರು, ಬೆಂಗಳೂರು ಎನ್ನುತ್ತಾರೆ. ಕಲಬುರಗಿಯ ಕಡೆ ಯಾರೂ ನೋಡುವುದಿಲ್ಲ. ಆ ಊರು ಬೆಳೆದ ಬಗೆಯನ್ನು ಹೇಳಲೇಬೇಕು. ನಿಜಾಮರ ಆಳ್ವಿಕೆಯ ಕಾಲದಲ್ಲಿ ಉಚ್ಚ ಶಿಕ್ಷಣಕ್ಕೆ ಹೈದರಾಬಾದಿಗೆ ಹೋಗಬೇಕಾಗಿದ್ದ ಪ್ರದೇಶ ಅದು. ೧೯೫೬ರಲ್ಲಿ ಕನ್ನಡ ನಾಡಿಗೆ ಸೇರಿತು. ೧೯೫೮ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ೧೯೬೩ರಲ್ಲಿ ಅದೇ ಸಂಸ್ಥೆಯ ವೈದ್ಯಕೀಯ ಕಾಲೇಜು ಆರಂಭವಾಯಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ೨೦೦೯ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ೨೦೧೩ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದವು. ಇ.ಎಸ್.ಐ. ನಿಗಮದ ವೈದ್ಯಕೀಯ ಕಾಲೇಜು ಸೇಡಂ ರಸ್ತೆಯಲ್ಲಿದೆ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಇದೆ. ಜಯದೇವ ಹೃದ್ರೋಗ ಸಂಸ್ಥೆಯ ೩೭೧ ಹಾಸಿಗೆಗಳ ಹೊಸ ಕಟ್ಟಡ ೨೦೨೪ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ವಿಧವಿಧದ ರೋಗಿಗಳು, ದೊಡ್ಡ ಆಸ್ಪತ್ರೆಗಳು ಒಂದೇ ಊರಿನಲ್ಲಿ ಇರುವುದು ನರ್ಸಿಂಗ್ ಕಲಿಯುವವರಿಗೆ ಬಲು ದೊಡ್ಡ ಅನುಕೂಲ.

ಆ ೩೭೧ ಎಂಬ ಸಂಖ್ಯೆಗೆ ಆ ಭಾಗದಲ್ಲಿ ವಿಶೇಷ ಮಹತ್ವ ಇದೆ. ೨೦೧೨ರ ೯೮ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ೩೭೧ (ಜೆ) ವಿಧಿ ಸೇರಿತು. ಅದರ ಪ್ರಕಾರ ಈಗ ಕಲ್ಯಾಣ ಕರ್ನಾಟಕವೆನ್ನುವ ಆ ಜಿಲ್ಲೆಗಳ ಕಾಲೇಜುಗಳಲ್ಲಿ ಸರ್ಕಾರದ ಮೂಲಕ ಹಂಚುವ ಸೀಟುಗಳಲ್ಲಿ ಶೇಕಡಾ ೭೦ ಅಲ್ಲಿಯವರಿಗೆ. ರಾಜ್ಯದ ಉಳಿದ ಕಡೆ ಶೇಕಡಾ ೮. ಕಮಲಾಪುರದ ಹುಡುಗಿಗೆ ಇದು ಕೈಯಲ್ಲಿರುವ ಹಕ್ಕು. ಏಜೆಂಟನಿಗೆ ಮುಂಗಡ ಕೊಡುವ ಬದಲು ಆ ಅರ್ಹತಾ ಪತ್ರವನ್ನು ವೇಳೆಗೆ ಸರಿಯಾಗಿ ಮಾಡಿಸಿಕೊಳ್ಳುವುದು ಮೇಲು. ನಮ್ಮ ಮಕ್ಕಳಿಗೆ ಅಲ್ಲಿ ಉಳಿದ ಪಾಲಿನಲ್ಲಿ ಮಾತ್ರ ಅವಕಾಶ. ಬೇಸಿಗೆಯ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಫಿ ತೋಟದ ನೆರಳಿನಲ್ಲಿ ಬೆಳೆದವರಿಗೆ ಆ ಮೇ ತಿಂಗಳು ತಮಾಷೆಯಲ್ಲ.

ಹಾಗಾದರೆ ದಾರಿ ಯಾವುದು

ಒಟ್ಟಿಗೆ ಬೇಡ, ಒಂದರ ಮೇಲೊಂದು ಮಾಡಿಸಿ ಎಂಬುದು ನನ್ನ ಸ್ಪಷ್ಟ ಸಲಹೆ.

ಮೊದಲು ಬಿ.ಎಸ್ಸಿ. ವಿಜ್ಞಾನ ಮಾಡಿ ಆಮೇಲೆ ನರ್ಸಿಂಗ್ ಮಾಡುವವರೂ ಇದ್ದಾರೆ. ಅಮೆರಿಕದಲ್ಲಿ ಹಾಗೆ ಬಂದವರಿಗೆ ಹನ್ನೊಂದರಿಂದ ಹದಿನೆಂಟು ತಿಂಗಳಲ್ಲಿ ನರ್ಸಿಂಗ್ ಪದವಿ ಮುಗಿಸುವ ತ್ವರಿತ ಕ್ರಮವಿದೆ. ನಮ್ಮಲ್ಲಿ ಇಲ್ಲ. ಮೈಕ್ರೋಬಯಾಲಜಿ ಪದವೀಧರೆಯೂ ಮತ್ತೆ ನಾಲ್ಕು ವರ್ಷ ಪೂರ್ತಿ ಓದಬೇಕು, ಒಟ್ಟು ಏಳು ವರ್ಷ. ಪದವಿ ಮುಗಿಸಿದವರಿಗೆ ಎರಡು ವರ್ಷದಲ್ಲಿ ನರ್ಸಿಂಗ್ ಕಲಿಸುವ ಕ್ರಮ ನಮ್ಮಲ್ಲೂ ಬರಬೇಕೆಂದು ನನಗನ್ನಿಸುತ್ತದೆ. ಬರುವ ತನಕ ಈ ದಾರಿ ತಂದೆತಾಯಿಗಳಿಗೂ ಮಕ್ಕಳಿಗೂ ದುಬಾರಿ.

ಮೊದಲು ನರ್ಸಿಂಗ್, ಆಮೇಲೆ ವಿಜ್ಞಾನ ಎಂಬ ಕ್ರಮ ಹೆಚ್ಚು ಲಾಭದ್ದು. ನಾಲ್ಕು ವರ್ಷ ಮುಗಿಸಿ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದೊಡನೆ ದುಡಿಮೆ ಆರಂಭಿಸಬಹುದು. ಒಂದು ವರ್ಷ ಕೆಲಸ ಮಾಡಿದ ಮೇಲೆ, ಪದವಿಯಲ್ಲಿ ಶೇಕಡಾ ೫೫ ಅಂಕವಿದ್ದರೆ, ಎರಡು ವರ್ಷದ ಎಂ.ಎಸ್ಸಿ. ನರ್ಸಿಂಗ್‌ಗೆ ಹೋಗಬಹುದು. ಮನಶ್ಶಾಸ್ತ್ರದ ಆಸೆಯಿದ್ದವರು ಅಲ್ಲಿ ಮನೋರೋಗ ಶುಶ್ರೂಷೆಯನ್ನು ಆರಿಸಿಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ದೇಶದಲ್ಲೇ ಹೆಸರಾದ ಸ್ಥಳ. ರೋಗ ಹರಡುವ ಬಗೆಯಲ್ಲಿ, ಅಂಕಿಸಂಖ್ಯೆಯಲ್ಲಿ ಒಲವಿದ್ದವರಿಗೆ ಸಮುದಾಯ ಆರೋಗ್ಯ ಶುಶ್ರೂಷೆ ಅಥವಾ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಇದೆ. ಇದರ ಹೊರತು ಹೃದ್ರೋಗ, ಕ್ಯಾನ್ಸರ್, ತುರ್ತು ಚಿಕಿತ್ಸೆ, ನವಜಾತ ಶಿಶು ಮುಂತಾದವುಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. ಆದರೆ ಶುದ್ಧ ಮೈಕ್ರೋಬಯಾಲಜಿ, ಜೀವರಸಾಯನದ ಎಂ.ಎಸ್ಸಿ.ಗೆ ಪದವಿಯಲ್ಲಿ ಆ ವಿಷಯವನ್ನೇ ಮುಖ್ಯವಾಗಿ ಓದಿರಬೇಕೆಂದು ಅನೇಕ ವಿಶ್ವವಿದ್ಯಾಲಯಗಳು ಕೇಳುತ್ತವೆ. ಬಿ.ಎಸ್ಸಿ. ನರ್ಸಿಂಗ್ ನಡೆಯುತ್ತದೆಯೆ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಪ್ರಯೋಗಶಾಲೆಯಲ್ಲೇ ಬಾಳಬೇಕೆಂಬ ಮಕ್ಕಳಿಗೆ ನರ್ಸಿಂಗ್ ಸರಿಯಾದ ಮೆಟ್ಟಿಲಲ್ಲ. ಅವರನ್ನು ನೇರವಾಗಿ ಬಿ.ಎಸ್ಸಿ.ಗೆ ಕಳುಹಿಸಿ.

ಹಳ್ಳಿಯಲ್ಲೇ ಇರಬೇಕೆನ್ನುವವರಿಗೂ ದಾರಿ ಇದೆ. ಹಿಂದಿನ ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿವೆ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಗೆ ಬಿ.ಎಸ್ಸಿ. ನರ್ಸಿಂಗ್ ಆದವರನ್ನು ತೆಗೆದುಕೊಳ್ಳುತ್ತಾರೆ. ತೋಟದ ಆಳುಗಳ ರಕ್ತದೊತ್ತಡ, ಸಕ್ಕರೆ ಕಾಯಿಲೆ ನೋಡಿ ಮಾತ್ರೆ ಕೊಡುವ ಆ ಹುದ್ದೆಯಲ್ಲಿ ಪೋಷಣಶಾಸ್ತ್ರವೂ ಮನಶ್ಶಾಸ್ತ್ರವೂ ದಿನಬಳಕೆಯ ವಿದ್ಯೆ. ಇದು ಹೆಣ್ಣುಮಕ್ಕಳಿಗೆ ಮಾತ್ರ ಎಂಬ ಭಾವನೆಯೂ ಬೇಡ, ಗಂಡುಮಕ್ಕಳೂ ಈಗ ಧಾರಾಳವಾಗಿ ಸೇರುತ್ತಿದ್ದಾರೆ.

ಸೀಟು ಹಿಡಿಯುವ ಮೊದಲು

ಕಾಲೇಜು ಯಾವ ಊರಿನದಾದರೂ ಮೂರು ಪ್ರಶ್ನೆ ಕೇಳಿ. ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯೆ? ಶುಶ್ರೂಷಾ ಪರಿಷತ್ತಿನ ಮನ್ನಣೆ ಇದೆಯೆ? ಸ್ವಂತ ಆಸ್ಪತ್ರೆ ಎಲ್ಲಿದೆ? ನರ್ಸಿಂಗ್ ಕಾಲೇಜಿಗೆ ೧೦೦ ಹಾಸಿಗೆಗಳ ಮೂಲ ಆಸ್ಪತ್ರೆ ಇರಬೇಕೆಂಬುದು ಪರಿಷತ್ತಿನ ನಿಯಮ. ಬಾಡಿಗೆ ಕಟ್ಟಡದಲ್ಲಿ ಫಲಕ ತೂಗುಹಾಕಿ, ಆಸ್ಪತ್ರೆಯನ್ನು ಆಮೇಲೆ ತೋರಿಸುತ್ತೇವೆ ಎನ್ನುವ ಕಡೆ ಕಾಲಿಡಬೇಡಿ. ಒಮ್ಮೆ ಆ ಆಸ್ಪತ್ರೆಯ ವಾರ್ಡಿನಲ್ಲಿ ಓಡಾಡಿ ಹಾಸಿಗೆಗಳಲ್ಲಿ ರೋಗಿಗಳಿದ್ದಾರೆಯೆ ಎಂದು ಕಣ್ಣಾರೆ ನೋಡಿ ಬನ್ನಿ. ಅಡಿಕೆ ತೋಟ ಕೊಳ್ಳುವಾಗ ನೀರಿನ ಮೂಲ ನೋಡದೆ ಯಾರೂ ಕರಾರು ಬರೆಯುವುದಿಲ್ಲವಷ್ಟೆ.

ಸರ್ಕಾರಿ ಹಂಚಿಕೆಯ ಸೀಟುಗಳು ಈಗ ಪರೀಕ್ಷಾ ಪ್ರಾಧಿಕಾರದ ಸಿ.ಇ.ಟಿ. ಮೂಲಕ ಸಿಗುತ್ತವೆ. ಪಿ.ಯು.ನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಇರಬೇಕು. ವಿಜ್ಞಾನದ ವಿಷಯಗಳಲ್ಲಿ ಒಟ್ಟು ಶೇಕಡಾ ೪೫, ಪರಿಶಿಷ್ಟರಿಗೆ ಶೇಕಡಾ ೪೦. ಸೇರುವ ವರ್ಷದ ಡಿಸೆಂಬರ್ ೩೧ಕ್ಕೆ ೧೭ ವರ್ಷ ತುಂಬಿರಬೇಕು. ಕಲಾ ಅಥವಾ ವಾಣಿಜ್ಯ ವಿಭಾಗದವರು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಮಾಡಿ, ಬಳಿಕ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಿಂದ ಪದವಿ ಪಡೆಯಬಹುದು. ಪಿ.ಯು. ಸೇರುವಾಗ ಜೀವಶಾಸ್ತ್ರ ಬಿಟ್ಟು ಗಣಿತದ ಜೊತೆ ಕಂಪ್ಯೂಟರ್ ತೆಗೆದುಕೊಂಡವರಿಗೆ ಬಿ.ಎಸ್ಸಿ. ನರ್ಸಿಂಗ್ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಈ ವರ್ಷ ಎಸ್.ಎಸ್.ಎಲ್.ಸಿ. ಮುಗಿಸುವ ಮಕ್ಕಳಿರುವ ಸದಸ್ಯರು ಜೂನ್‌ಗೆ ಮೊದಲೇ ಈ ಮಾತನ್ನು ಮನೆಯಲ್ಲಿ ಎತ್ತಬೇಕು.